ಎರಡನೆಯ ಬೇಡಕ್ಕೆ ಹೋದ ಲಂಗರು

ಬೇಕು ಎನ್ನುವ ಮಾತು ನನ್ನ ಬಾಯಿಂದ ನೇರವಾಗಿ ಬಂದದ್ದು ಬಹಳ ಕಡಿಮೆ. ಬೇಕಾದದ್ದಕ್ಕೆಲ್ಲ ಮೊದಲು ಬೇಡ ಎನ್ನುವುದು, ಕೊಡುವವರು ಒತ್ತಾಯ ಮಾಡಿದ ಮೇಲೆ ಅವರ ಮನಸ್ಸಿಗೆ ನೋವಾಗಬಾರದಲ್ಲ ಎಂಬಂತೆ ಮುಖ ಮಾಡಿಕೊಂಡು ತೆಗೆದುಕೊಳ್ಳುವುದು, ಇದು ನನ್ನ ಪದ್ಧತಿ. ನಾನು ಕಂಡುಹಿಡಿದದ್ದೇನಲ್ಲ, ನಮ್ಮೂರಿನಲ್ಲಿ ಎಲ್ಲರದ್ದೂ ಇದೇ ಪದ್ಧತಿ. ನನ್ನ ಅವ್ವ ಇದನ್ನು ಮಗ್ಗಿ ಕಲಿಸಿದಂತೆ ಕಲಿಸಿದ್ದಳು. "ಯಾರ ಮನೇಲಾದ್ರೂ ಏನಾದ್ರೂ ಕೊಟ್ರೆ ಗಬಕ್ಕನೆ ಈಸ್ಕೊಬ್ಯಾಡ. ಮೊದಲ್ನೇ ಸಲ ಬಾಯಲ್ಲಿ ಬ್ಯಾಡ ಅನ್ನು. ಎರಡ್ನೇ ಸಲ ಕೈ ಅಡ್ಡ ಹಿಡಿ. ಮೂರ್ನೇ ಸಲ ಸುಮ್ಕಿರು." ಸುಮ್ಮನಿದ್ದರೆ ಹೂಂ ಎಂದು ಅರ್ಥ. ಕೊಡುವವರಿಗೂ ಈ ಲೆಕ್ಕ ಗೊತ್ತಿರುತ್ತಿದ್ದುದರಿಂದ ಯಾರೂ ಉಪವಾಸ ಬೀಳುತ್ತಿರಲಿಲ್ಲ. ನಮ್ಮ ಬೀದಿಯ ಕೊನೆಯ ಮನೆಯಾಕೆ ಮಾತ್ರ ಎರಡೇ ಸಲ ಕೇಳಿ ಕಾಫಿಯ ಲೋಟವನ್ನು ಒಳಗೆ ತೆಗೆದುಕೊಂಡು ಹೋಗುತ್ತಿದ್ದಳು. ಆಕೆ ಜಿಪುಣಿ ಎಂದು ಊರೆಲ್ಲ ಹೆಸರಾಗಿತ್ತು.

ಸಿರಿ, ನಿಧಿ, ಇದನ್ನು ನನ್ನ ಮೊಮ್ಮಕ್ಕಳಾದ ನಿಮಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ, ನಿಮ್ಮ ಅಮ್ಮ ಓದಿ ಹೇಳಬೇಕು. ನಡುವೆ ಅವಳು ಗಂಟಲು ಸರಿಮಾಡಿಕೊಂಡು ಒಂದೆರಡು ಸಾಲು ಹಾರಿಸಿದರೆ ಬಿಡಬೇಡಿ, ಓದಿಸಿಕೊಳ್ಳಿ. ನಾನು ಓದಿದ್ದು ಊರಿನ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಇಂದಿಗೂ ನಾಚಿಕೆ. ಕಾಗದದ ಮುಂದೆ ಅಷ್ಟಿಲ್ಲ.

ಮದುವೆಯಾಗಿ ಡೆಟ್ರಾಯಿಟ್ ಹತ್ತಿರದ ಟ್ರಾಯ್‌ಗೆ ಬಂದ ಮೊದಲನೆಯ ತಿಂಗಳು ಪಕ್ಕದ ಮನೆಯ ಅಮೆರಿಕನ್ ಹೆಂಗಸು ನನ್ನನ್ನು ಕರೆದಿದ್ದಳು. ಅದೇ ತಾನೆ ಒಲೆಯಿಂದ ತೆಗೆದ ಸೇಬಿನ ಪೈ. ಮನೆಯೆಲ್ಲ ಬೆಣ್ಣೆ, ದಾಲ್ಚಿನ್ನಿಯ ವಾಸನೆ. ನನಗೋ ಹೊಟ್ಟೆ ಚುರುಗುಟ್ಟುತ್ತಿತ್ತು. ಒಂದು ತುಂಡು ಕೊಡಲೇ ಎಂದು ಕೇಳಿದಳು. "ನೋ, ಥ್ಯಾಂಕ್ಯೂ" ಎಂದೆ, ಬಾಯಲ್ಲಿ. ಕೈ ಅಡ್ಡ ಹಿಡಿಯಲು ಸಿದ್ಧವಾಗಿಟ್ಟುಕೊಂಡಿದ್ದೆ. ಆಕೆ "ಓಕೆ" ಎಂದು ನಕ್ಕು, ತಾನೊಂದು ದೊಡ್ಡ ತುಂಡು ಹಾಕಿಕೊಂಡು, ನನ್ನ ಎದುರಿಗೇ ಕೂತು ತಿಂದಳು. ಮನೆಗೆ ಬಂದು ತಣ್ಣನೆಯ ಅನ್ನಕ್ಕೆ ಮೊಸರು ಕಲಸಿಕೊಂಡು ತಿನ್ನುತ್ತಿರುವಾಗ ನಿಮ್ಮ ತಾತ ಕೆಲಸದಿಂದ ಬಂದರು. ವಿಷಯ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. "ಈ ದೇಶದೋರು ಒಂದೇ ಸಲ ಕೇಳೋದು ಕಣೇ ಜಯಾ. ನೀನು ಮೂರ್ನೇದಕ್ಕೆ ಕಾಯ್ತಾ ಕೂತ್ರೆ ಸೊರಗಿ ಹೋಗ್ತೀಯ!"

ಅವರೂ ನಮ್ಮ ಕಡೆಯವರೇ, ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಅದೊಂದು ತಮಾಷೆಯಾಯಿತು. ಸೀರೆ ಕೊಡಿಸಲಾ ಎಂದರೆ ನಾನು ಬೇಡ ಎನ್ನುವೆ. "ಇದು ಎಷ್ಟನೇ ಬೇಡ?" ಎಂದು ಕೇಳುವರು. ನಾನು ಬೆರಳು ತೋರಿಸುವೆ. ಒಂದು ಬೆರಳಾದರೆ ಇನ್ನೆರಡು ಸಲ ಕೇಳುವರು. ಐದೂ ಬೆರಳಾದರೆ ನಿಜವಾಗಿಯೂ ಬೇಡವೆಂದು ತಿಳಿದುಕೊಂಡು ಸುಮ್ಮನಾಗುವರು. ನಲವತ್ತು ವರ್ಷ ನಮ್ಮ ಸಂಸಾರ ಬೆರಳುಗಳ ಮೇಲೆಯೇ ನಡೆಯಿತೆಂದರೂ ತಪ್ಪಿಲ್ಲ.

ನಿಮ್ಮ ತಾತನ ಕೆಲಸ ಕಾರಿನ ಬ್ರೇಕು. ಮೂವತ್ತು ವರ್ಷ ಕಾರುಗಳನ್ನು ನಿಲ್ಲಿಸುವ ವಿದ್ಯೆಯಲ್ಲೇ ಮುಳುಗಿದ್ದ ಮನುಷ್ಯ, ರಿಟೈರ್ ಆಗಲು ನಾಲ್ಕೈದು ವರ್ಷವಿರುವಾಗ, ಬ್ರೇಕೇ ಇಲ್ಲದ ಹಾಯಿದೋಣಿಯ ಹುಚ್ಚು ಹಿಡಿಸಿಕೊಂಡರು. ಆಫೀಸಿನ ಸ್ನೇಹಿತರೊಬ್ಬರು ಸೇಂಟ್ ಕ್ಲೇರ್ ಸರೋವರದಲ್ಲಿ ಒಂದು ಭಾನುವಾರ ಸುತ್ತಾಡಿಸಿದ್ದೇ ನೆಪ. ಆಮೇಲೆ ಪ್ರತಿ ಬೇಸಿಗೆ ಕ್ಲಾಸು, ಪರೀಕ್ಷೆ, ಸರ್ಟಿಫಿಕೇಟು. ಚಳಿಗಾಲದಲ್ಲಿ ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಡ್ರೈವ್‌ವೇ ಮೇಲೆ ಮೊಣಕಾಲುದ್ದ ಹಿಮ. ಇವರು ಒಳಗೆ ಸೋಫಾದ ಕಾಲಿಗೆ ಹಗ್ಗ ಕಟ್ಟಿ ಗಂಟು ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದರು. ಒಮ್ಮೆ ನಾನು ಆ ಹಗ್ಗ ಎಡವಿ ಸಾರಿನ ಪಾತ್ರೆ ಸಮೇತ ಬಿದ್ದೆ. ಓಡಿ ಬಂದು ಮೊದಲು ನನ್ನನ್ನು ಎಬ್ಬಿಸಿದರು. ಅದನ್ನು ಒಪ್ಪಿಕೊಳ್ಳಬೇಕು. ಆದರೆ ಎಬ್ಬಿಸುತ್ತಲೇ "ನೋಡು, ಗಂಟು ಬಿಚ್ಕೊಂಡಿಲ್ಲ!" ಎಂದರು.

ರಿಟೈರ್ ಆದ ಮೊದಲನೆಯ ಫೆಬ್ರವರಿಯಲ್ಲಿ ಕೆರಿಬಿಯನ್ ದ್ವೀಪಗಳ ಕಡೆ ಎರಡು ವಾರಕ್ಕೆ ಹಾಯಿದೋಣಿಯೊಂದನ್ನು ಬಾಡಿಗೆಗೆ ಹಿಡಿಯೋಣ, ನಾವಿಬ್ಬರೇ ಹೋಗೋಣ ಎಂದರು. ನಾನು ಹುಟ್ಟಿ ಬೆಳೆದ ಕಡೆ ಅತಿ ದೊಡ್ಡ ನೀರೆಂದರೆ ಗದ್ದೆಗೆ ಹರಿಯುವ ನಾಲೆ. ಅದರಲ್ಲೂ ನಾನು ಇಳಿಯುತ್ತಿದ್ದುದು ಬಟ್ಟೆ ಒಗೆಯಲು, ಮೊಣಕಾಲಿನವರೆಗೆ. ಮೂರು ಸಲ ಕೇಳಿಸಿಕೊಂಡು ಹೊರಟೆ. ಅವಲಕ್ಕಿ, ಹುಳಿಪುಡಿ, ಚಟ್ನಿಪುಡಿ, ಒಂದು ಪುಟ್ಟ ಕುಕ್ಕರ್ ಕಟ್ಟಿಕೊಂಡೆ. ವಿಮಾನ ನಿಲ್ದಾಣದಲ್ಲಿ ಕುಕ್ಕರನ್ನು ಇಬ್ಬರು ಅಧಿಕಾರಿಗಳು ತಿರುಗಿಸಿ ತಿರುಗಿಸಿ ನೋಡಿದರು.

ಮೊದಲ ಐದು ದಿನ ಏನೂ ತೊಂದರೆಯಾಗಲಿಲ್ಲ. ಹಗಲು ಹಾಯಿ ಬಿಚ್ಚಿ ಹೋಗುವುದು, ಸಂಜೆಗೆ ಯಾವುದಾದರೂ ದ್ವೀಪದ ಮರೆಯಲ್ಲಿ ಲಂಗರು ಹಾಕುವುದು. ಲಂಗರು ಹಾಕಿದ ದೋಣಿ ನಿಂತಲ್ಲಿ ನಿಲ್ಲುವುದಿಲ್ಲ. ಗೂಟಕ್ಕೆ ಕಟ್ಟಿದ ಎಮ್ಮೆ ಹಗ್ಗದಷ್ಟುದ್ದಕ್ಕೂ ಸುತ್ತು ಹಾಕಿ ಮೇಯುವಂತೆ ಸುತ್ತುತ್ತಿರುತ್ತದೆ. ಗೂಟ ಗಟ್ಟಿಯಾಗಿದೆಯೋ ಕಿತ್ತುಕೊಂಡಿದೆಯೋ ತಿಳಿಯಲು ನಿಮ್ಮ ತಾತ ಒಂದು ಉಪಾಯ ಹೇಳಿಕೊಟ್ಟಿದ್ದರು. ದಡದ ಮೇಲೆ ಒಂದರ ಹಿಂದೆ ಒಂದು ಇರುವ ಎರಡು ವಸ್ತುಗಳನ್ನು ಗುರುತಿಟ್ಟುಕೊಳ್ಳಬೇಕು. ಅವು ಒಂದೇ ಸಾಲಿನಲ್ಲಿದ್ದರೆ ಸರಿ. ದೂರ ದೂರ ಸರಿದು, ಮತ್ತೆ ಸಾಲಿಗೆ ಬರದಿದ್ದರೆ ಲಂಗರು ಜಾರುತ್ತಿದೆಯೆಂದು ಅರ್ಥ. ಐದನೆಯ ಸಂಜೆ ಲಂಗರು ಹಾಕಿದ ಕಡೆ ನನ್ನ ಗುರುತು ಒಂದು ತೆಂಗಿನ ಮರ, ಅದರ ಹಿಂದೆ ಗುಡ್ಡದ ಮೇಲಿನ ನೀಲಿ ನೀರಿನ ಟ್ಯಾಂಕು.

ಆರನೆಯ ದಿನ ಬೆಳಿಗ್ಗೆ ರೇಡಿಯೋದಲ್ಲಿ ಹೇಳಿದರು, ಎರಡು ದಿನ ಬಿರುಗಾಳಿ ಮಳೆ, ಯಾರೂ ಹೊರಡಬೇಡಿ ಎಂದು. ನಾವಿದ್ದ ಕೊಲ್ಲಿಯಲ್ಲಿ ಇನ್ನೂ ಐದಾರು ದೋಣಿಗಳಿದ್ದವು. ನಿಮ್ಮ ತಾತ ಹಾಯಿ ಬಿಗಿದು, ಹೊರಗಿದ್ದ ಚೊಂಬು ತಂಬಿಗೆಯನ್ನೆಲ್ಲ ಒಳಗೆ ಹಾಕಿ, ವಾಂತಿಯ ಮಾತ್ರೆ ನುಂಗಿ ಒಂದು ಗಂಟೆ ಮಲಗುತ್ತೇನೆಂದು ಕೆಳಗೆ ಹೋದರು. ಆ ಹೊತ್ತಿಗೆ ಪಕ್ಕದ ದೋಣಿಯಾತ ಬಂದ. ವಾಲ್ಟರ್ ಎಂದು ಹೆಸರು. ಬಿಳಿ ಗಡ್ಡ, ನಮಗಿಂತ ಹತ್ತು ವರ್ಷ ದೊಡ್ಡವನು, ಇಪ್ಪತ್ತು ವರ್ಷದಿಂದ ಹೆಂಡತಿಯೊಡನೆ ದೋಣಿಯಲ್ಲೇ ವಾಸ. ರಬ್ಬರಿನ ಪುಟ್ಟ ದೋಣಿಯಲ್ಲಿ ನಮ್ಮ ಪಕ್ಕಕ್ಕೆ ಬಂದು ನಿಂತ. ಅದರೊಳಗೆ ಒಂದು ಲಂಗರು, ಸುತ್ತಿಟ್ಟ ಹಗ್ಗ. ಮಧ್ಯಾಹ್ನ ಗಾಳಿ ದಿಕ್ಕು ಬದಲಾಯಿಸುತ್ತದೆ, ಆಗ ನಿಮ್ಮ ಬೆನ್ನ ಹಿಂದೆ ಬಂಡೆಗಳಿರುತ್ತವೆ, ಬಾಡಿಗೆ ದೋಣಿಗಳಲ್ಲಿ ಒಂದೇ ಲಂಗರಿರುತ್ತದೆಂದು ನನಗೆ ಗೊತ್ತು, ಇದನ್ನು ಹಾಕಿಕೊಡಲೇ ಎಂದ.

ನೋಡಿ, ಮನುಷ್ಯ ಮಳೆಯಲ್ಲಿ ನೆನೆದುಕೊಂಡು, ಲಂಗರನ್ನು ಹೊತ್ತುಕೊಂಡೇ ಬಂದಿದ್ದಾನೆ. ಆತ ಹೇಳಿದ್ದು ನನಗೆ ಪೂರ್ತಿ ಅರ್ಥವಾಗಿತ್ತು. ಬೇಕು ಎಂದು ಹೊಟ್ಟೆಯೊಳಗಿನಿಂದ ಅನ್ನಿಸುತ್ತಲೂ ಇತ್ತು. ಬಾಯಿ ಮಾತ್ರ, "ನೋ ನೋ, ಥ್ಯಾಂಕ್ಯೂ. ವೈ ಟ್ರಬಲ್ ಫಾರ್ ಯು" ಎಂದಿತು.

"ಆರ್ ಯು ಶೂರ್?" ಎಂದ ವಾಲ್ಟರ್.

ನನಗೆ ಎಷ್ಟು ಸಂತೋಷವಾಯಿತೆಂದರೆ! ಇಷ್ಟು ವರ್ಷಗಳಲ್ಲಿ ಎರಡನೆಯ ಸಲ ಕೇಳಿದ ಬಿಳಿಯ ಈತ ಒಬ್ಬನೇ. ಮರ್ಯಾದಸ್ಥ ಎಂದುಕೊಂಡು ಕೈ ಅಡ್ಡ ಹಿಡಿದೆ. ಹಿಡಿದು ಮೂರನೆಯದಕ್ಕೆ ಸಿದ್ಧಳಾಗಿ, ಲಂಗರಿನ ಹಗ್ಗ ಈಸಿಕೊಳ್ಳಲು ಸೆರಗನ್ನೂ ಸೊಂಟಕ್ಕೆ ಸಿಕ್ಕಿಸಿ ನಿಂತೆ. "ಓಕೆ ದೆನ್, ಸ್ಟೇ ಸೇಫ್" ಎಂದು ಆತ ಹೊರಟುಹೋದ. ಆತನ ದೋಣಿಯ ಹಿಂದಿನ ನೀರಿನ ಗೆರೆ ಅಳಿಸಿಹೋಗುವವರೆಗೆ ನಾನು ಅಲ್ಲೇ ನಿಂತಿದ್ದೆ. ಕೂಗಿ ಕರೆಯಬಹುದಾಗಿತ್ತು. ಬೇಡ ಎಂದ ಮೇಲೆ ಕೂಗಿ ಕರೆಯುವುದು ಹೇಗೆ? ನಮ್ಮೂರಿನಲ್ಲಿ ಯಾವ ಹೆಂಗಸೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ. ನಿಮ್ಮ ತಾತ ಎದ್ದ ಮೇಲೂ ಹೇಳಲಿಲ್ಲ. ನಾಚಿಕೆಯಾಯಿತು.

ವಾಲ್ಟರ್ ಹೇಳಿದಂತೆಯೇ ಮಧ್ಯಾಹ್ನ ಗಾಳಿ ತಿರುಗಿತು. ಬಿರುಗಾಳಿಯನ್ನು ವರ್ಣಿಸುವಷ್ಟು ಭಾಷೆ ನನಗಿಲ್ಲ. ಮಳೆ ಮೇಲಿನಿಂದ ಬೀಳಲಿಲ್ಲ, ಅಡ್ಡಡ್ಡಲಾಗಿ ಬಂತು ಎಂದರೆ ಸಾಕು. ಹಾಯಿಕಂಬದ ಹಗ್ಗಗಳೆಲ್ಲ ಒಟ್ಟಿಗೆ ಶಿಳ್ಳೆ ಹಾಕುತ್ತಿದ್ದವು. ದೋಣಿ ಲಂಗರಿನ ಸರಪಳಿಯನ್ನು ಜಗ್ಗಿದಾಗಲೆಲ್ಲ ಒಳಗಿನ ಪಾತ್ರೆಗಳೆಲ್ಲ ಒಟ್ಟಿಗೆ ಝಲ್ ಎನ್ನುತ್ತಿದ್ದವು. ನಾನು ಕಿಟಕಿಯಿಂದ ತೆಂಗಿನ ಮರ ನೋಡುತ್ತ ಕೂತಿದ್ದೆ. ಮಳೆಯ ತೆರೆ ಒಂದು ಗಳಿಗೆ ಸರಿಯಿತು. ನೀಲಿ ಟ್ಯಾಂಕು ಮರದ ಹಿಂದೆ ಇರಲಿಲ್ಲ. ಮರದಿಂದ ಒಂದು ಗೇಣು ಆಚೆಗಿತ್ತು. ಮತ್ತೆ ಸರಿದಾಗ ಎರಡು ಗೇಣು.

"ರೀ, ಟ್ಯಾಂಕು ಹೋಗ್ತಾ ಇದೆ!" ಎಂದೆ.

"ಟ್ಯಾಂಕಲ್ಲ ಕಣೇ, ನಾವು ಹೋಗ್ತಾ ಇರೋದು!" ಎಂದು ಅವರು ಎದ್ದು ಓಡಿದರು.

ಎಂಜಿನ್ ಚಾಲೂ ಮಾಡಿ ನನ್ನ ಕೈಗೆ ದಿಕ್ಕು ತಿರುಗಿಸುವ ಚಕ್ರ ಕೊಟ್ಟರು. ದೋಣಿಯ ಮೂತಿ ಗಾಳಿಗೆ ನೇರವಾಗಿರಬೇಕು, ಎಂಜಿನ್ ಮೆಲ್ಲಗೆ ಮುಂದಕ್ಕೆ ತಳ್ಳುತ್ತಿದ್ದರೆ ಸರಪಳಿಯ ಮೇಲಿನ ಭಾರ ಕಡಿಮೆಯಾಗುತ್ತದೆ, ನನ್ನ ಕೈ ನೋಡುತ್ತಿರು, ಎಡಗೈ ಎತ್ತಿದರೆ ಎಡಕ್ಕೆ, ಬಲಗೈ ಎತ್ತಿದರೆ ಬಲಕ್ಕೆ ಎಂದು ಹೇಳಿ, ತಾವು ಮುಂದಿನ ತುದಿಗೆ ತೆವಳಿಕೊಂಡು ಹೋದರು. ನಾನು ಇಡೀ ಜನ್ಮದಲ್ಲಿ ಸೈಕಲ್ಲನ್ನೂ ತುಳಿದವಳಲ್ಲ. ಟ್ರಾಯ್‌ನಲ್ಲಿ ಕಾರು ಕಲಿಸಲು ಬಂದ ಮೇಷ್ಟರು ಎರಡನೆಯ ಪಾಠಕ್ಕೆ ಬಂದಿರಲಿಲ್ಲ. ಮೂವತ್ತನಾಲ್ಕು ಅಡಿಯ ದೋಣಿಯ ಚಕ್ರ ಈಗ ನನ್ನ ಕೈಯಲ್ಲಿ. ಹಿಂದೆ ಬಂಡೆಗಳ ಮೇಲೆ ಅಲೆ ಒಡೆದು ಭೋರ್ಗರೆಯುವುದು ತಿರುಗಿ ನೋಡದೆಯೇ ಕೇಳಿಸುತ್ತಿತ್ತು.

ಸರಪಳಿಯನ್ನು ಇನ್ನಷ್ಟು ಉದ್ದ ಬಿಟ್ಟರೆ ಲಂಗರು ಮತ್ತೆ ನೆಲ ಕಚ್ಚಬಹುದು. ಆದರೆ ಬಿಟ್ಟಷ್ಟೂ ನಾವು ಬಂಡೆಗೆ ಹತ್ತಿರ. ಎರಡನೆಯ ಲಂಗರೊಂದಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ. ನಿಮ್ಮ ತಾತ ಸರಪಳಿ ಬಿಟ್ಟರು. ಬಿಡುವಾಗ ದೋಣಿ ಎಗರಿತು, ಸರಪಳಿ ಹಾರಿ ಅವರ ಎಡಗೈಯ ಎರಡು ಬೆರಳುಗಳನ್ನು ಅರೆಯಿತು. ಅವರು ಕೂಗಿದ್ದು ನನಗೆ ಕೇಳಿಸಲಿಲ್ಲ. ಬಾಯಿ ತೆರೆದದ್ದು ಕಾಣಿಸಿತು. ಆಮೇಲೆ ಬಲಗೈ ಮಾತ್ರ ಮೇಲೆದ್ದಿತು, ನಾನು ಬಲಕ್ಕೆ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ದೋಣಿ ಒಮ್ಮೆ ಜೋರಾಗಿ ಜಗ್ಗಿ ನಿಂತಿತು. ಲಂಗರು ಕಚ್ಚಿತ್ತು. ಬಂಡೆ ನಮ್ಮಿಂದ ಎಷ್ಟು ದೂರವಿತ್ತೆಂದು ಆಮೇಲೆ ಅವರು ಯಾರಿಗೂ ಸರಿಯಾಗಿ ಹೇಳಲಿಲ್ಲ. ನಿಮ್ಮ ಅಮ್ಮನಿಗೆ ಫೋನಿನಲ್ಲಿ, "ಬೇಕಾದಷ್ಟು ಜಾಗ ಇತ್ತು" ಎಂದರು. ನಾನು ಅಲ್ಲಿಂದ ಸೀರೆ ಹರವಿದ್ದರೆ ಅರ್ಧ ಬಂಡೆಯ ಮೇಲೆ ಒಣಗುತ್ತಿತ್ತು.

ಕೈಗೆ ಟವೆಲ್ ಸುತ್ತಿಕೊಂಡು ಬಂದು ಅವರು ನನ್ನ ಪಕ್ಕದಲ್ಲಿ ಕೂತರು. ಕತ್ತಲಾಗುವವರೆಗೆ ಚಕ್ರ ನಾನೇ ಹಿಡಿದಿದ್ದೆ. ಅವರು ಗಾಳಿ ಬಂದಾಗ "ಹಿಡ್ಕೋ, ಹಿಡ್ಕೋ", ಇಳಿದಾಗ "ಬಿಡು, ಬಿಡು" ಎನ್ನುತ್ತಿದ್ದರು. ನಡುವೆ ಒಮ್ಮೆ, "ಇನ್ನೊಂದು ಲಂಗರು ಇದ್ದಿದ್ರೆ ಚೆನ್ನಾಗಿತ್ತು ಜಯಾ" ಎಂದರು. ನಾನು ಚಕ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಗಾಳಿ ಇಳಿದ ಮೇಲೆ, "ನೀನಿಲ್ದಿದ್ರೆ ಇವತ್ತು ದೋಣಿ ಬಂಡೆ ಮೇಲೆ ಇರ್ತಿತ್ತು. ಏನು ಹಿಡಿದೆ ಕಣೇ ನೀನು!" ಎಂದರು. ಸಿರಿ, ನಿಧಿ, ನಿಮಗೆ ದಿನಕ್ಕೆ ಹತ್ತು ಸಲ ಗುಡ್ ಜಾಬ್ ಎನ್ನುತ್ತಾರೆ, ಅದರ ಬೆಲೆ ನಿಮಗೆ ತಿಳಿಯದು. ಸಾರು ಚೆನ್ನಾಗಿದೆ ಎನ್ನುವುದನ್ನು ಬಿಟ್ಟರೆ ನನಗೆ ಆವರೆಗೆ ಯಾರೂ ಹಾಗೆ ಹೇಳಿರಲಿಲ್ಲ. ಮಾರನೆಯ ದಿನವೆಲ್ಲ ಮಳೆ ಸುರಿಯುತ್ತಿತ್ತು, ಗಾಳಿಯ ಕೋಪ ಮಾತ್ರ ಅರ್ಧಕ್ಕಿಳಿದಿತ್ತು. ಒಳಗೆ ಕೂತು ಒಗ್ಗರಣೆ ಅವಲಕ್ಕಿ ತಿನ್ನುತ್ತ, ಫೋನಿಲ್ಲದೆ, ಟಿವಿಯಿಲ್ಲದೆ, ಮದುವೆಯಾದ ಹೊಸತರಲ್ಲೂ ಆಡದಷ್ಟು ಮಾತಾಡಿದೆವು. ಅವರ ಬೆರಳಿಗೆ ನೋವಿತ್ತು, ನನ್ನ ತೋಳು ಎತ್ತಲಾಗುತ್ತಿರಲಿಲ್ಲ. ಅಷ್ಟು ಸಂತೋಷದ ದಿನ ನನಗೆ ಬೇರೊಂದು ನೆನಪಿಲ್ಲ.

ಮೂರನೆಯ ದಿನ ಬಿಸಿಲು ಬಂದಾಗ ವಾಲ್ಟರ್ ವಿಚಾರಿಸಿಕೊಂಡು ಹೋಗಲು ಬಂದ. ತಾತನ ಕೈ ನೋಡಿ ತಲೆ ಅಲ್ಲಾಡಿಸಿ, ನಾನು ಎರಡನೆಯ ಲಂಗರು ತಂದಿದ್ದೆ, ನಿಮ್ಮ ಹೆಂಡತಿ ಬೇಡವೆಂದರು ಎಂದ. ನಿಮ್ಮ ತಾತ ನನ್ನ ಮುಖ ನೋಡಿದರು. ನಾನು ದೋಣಿಯ ತಳ ನೋಡಿದೆ.

"ಎಷ್ಟನೇ ಬೇಡಕ್ಕೆ ಹೊರಟ ಇವನು?" ಎಂದು ಕನ್ನಡದಲ್ಲಿ ಕೇಳಿದರು.

ನಾನು ಎರಡು ಬೆರಳು ತೋರಿಸಿದೆ.

ಅವರು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬಂತು, ಕೆಮ್ಮು ಬಂತು, ಪೆಟ್ಟಾದ ಕೈಯನ್ನು ಮರೆತು ತೊಡೆಗೆ ಬಡಿದುಕೊಂಡು "ಅಯ್ಯಮ್ಮಾ" ಎಂದು ಕೂಗಿ, ಮತ್ತೆ ನಕ್ಕರು. ವಾಲ್ಟರ್‌ಗೆ ನಮ್ಮ ಪದ್ಧತಿಯನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದರು. ಆತ ಗಂಭೀರವಾಗಿ ಕೇಳಿಸಿಕೊಂಡು, ಇನ್ನು ಮುಂದೆ ಭಾರತೀಯರ ದೋಣಿ ಕಂಡರೆ ಕೇಳದೆಯೇ ಲಂಗರು ಹಾಕಿಬಿಡುತ್ತೇನೆ ಎಂದ. ಬೈಗುಳ ತಿಂದಿದ್ದರೆ ಚೆನ್ನಾಗಿತ್ತು. ಆ ನಗುವಿನಲ್ಲಿ ನನ್ನ ತಪ್ಪು ಅಲ್ಲಿಗೇ ಮುಗಿದುಹೋಯಿತೆಂದುಕೊಂಡೆ. ಬುದ್ಧಿ ಬರಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ಒಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು, "ಬರೋ ಫೆಬ್ರವರಿಗೆ ಮತ್ತೆ ಹೋಗೋಣ್ವಾ? ಅದೇ ಕಡೆ?" ಎಂದರು. ನನ್ನ ಲಟ್ಟಣಿಗೆ ನಿಂತುಹೋಯಿತು. ಅಷ್ಟು ಆಸೆಯಾಯಿತು. "ಬೇಡಪ್ಪಾ ಬೇಡ, ಸಾಕು ಆ ಸಹವಾಸ" ಎಂದೆ. ಹಿಟ್ಟಿನ ಕೈಯಲ್ಲಿ ಒಂದು ಬೆರಳನ್ನು ಸಿದ್ಧವಾಗಿಟ್ಟುಕೊಂಡಿದ್ದೆ. ಎಷ್ಟನೇ ಬೇಡ ಎಂದು ಅವರು ಕೇಳಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿ, "ಸರಿ ಬಿಡು" ಎಂದು ಒಳಗೆ ಹೋದರು.

ಊಟಕ್ಕೆ ಕೂತಾಗ ಕೇಳುತ್ತಾರೆಂದು ಕಾದೆ. ಆ ವಾರವೆಲ್ಲ ಕಾದೆ. ಚಳಿ ಜಾಸ್ತಿಯಾಯಿತು, ಕೈಕಾಲು ಹಿಡಿಯುತ್ತೆ ಎಂದು ಎರಡು ಮೂರು ಸಲ ಸುಳಿವು ಕೊಟ್ಟೆ. ಅವರು ಹೀಟರ್ ಎರಡು ಡಿಗ್ರಿ ಏರಿಸಿದರು. ಅಮೆರಿಕದ ಚಾಳಿ ಕೊನೆಗೂ ಇವರಿಗೆ ಅಂಟಿತಲ್ಲ, ಒಂದೇ ಸಲ ಕೇಳುವುದನ್ನು ಕಲಿತರಲ್ಲ ಎಂದು ಒಳಗೊಳಗೆ ಸಿಟ್ಟಾದೆ. ಸಿಟ್ಟಿನಲ್ಲಿ ನಾನೂ ಬಾಯಿ ಬಿಡಲಿಲ್ಲ. ಫೆಬ್ರವರಿ ಬಂದು ಹೋಯಿತು. ಮುಂದಿನ ಬೇಸಿಗೆಯಲ್ಲಿ ಅವರಿಗೆ ಹೃದಯದ ಕಾಯಿಲೆ ಕಾಣಿಸಿತು. ದಸರೆಯ ಹೊತ್ತಿಗೆ ಅವರು ಇರಲಿಲ್ಲ.

ಟ್ರಾಯ್‌ನ ಮನೆ ಖಾಲಿ ಮಾಡಿ ಮಿಷಿಗನ್ ಸರೋವರದ ಆಚೆಗಿರುವ ಲೈಲ್‌ಗೆ, ನಿಮ್ಮ ಮನೆಗೆ ಬರುವಾಗ ದಾರಿಯಲ್ಲಿ, ಕಾರಿನಲ್ಲಿ, ನಿಮ್ಮ ಅಮ್ಮ ಹೇಳಿದಳು. "ಅಪ್ಪಂಗೆ ಇನ್ನೊಂದ್ಸಲ ದೋಣೀಲಿ ಹೋಗ್ಬೇಕು ಅಂತ ತುಂಬಾ ಇತ್ತಮ್ಮ. ಅಮ್ಮನ್ನ ಮತ್ತೊಂದ್ಸಲ ಕೇಳಿ ನೋಡಿ ಅಂದೆ. ಅದಕ್ಕೆ ಅವ್ರು, ನಿಮ್ಮಮ್ಮ ಆ ಬಿರುಗಾಳಿ ದಿನ ಎಷ್ಟು ಹೆದರಿದ್ಳೋ ನಿಂಗೊತ್ತಿಲ್ಲ, ಬಾಯಿ ಬಿಟ್ಟು ಹೇಳ್ಕೊಳಲ್ಲ ಅವ್ಳು, ನಾನು ಅವ್ಳಿಗೆ ಹಾಗೆ ಮಾಡಬಾರ್ದಿತ್ತು, ಇನ್ನು ಬಲವಂತ ಮಾಡಲ್ಲ ಅಂದ್ರು." ಅಮೆರಿಕದ ಚಾಳಿಯಲ್ಲ, ಕನಿಕರ. ನನ್ನ ಬೇಡಗಳನ್ನು ಜೀವಮಾನವೆಲ್ಲ ಎಣಿಸಿದ ಮನುಷ್ಯ, ಒಂದೇ ಒಂದನ್ನು ನಿಜವೆಂದು ನಂಬಿದರು. ಆ ಎರಡು ದಿನ ನನಗೆ ಹಿಂಸೆಯಾಯಿತೆಂದು ತಿಳಿದುಕೊಂಡೇ ಹೋದರು. ಅಲ್ಲ ಎಂದು ಹೇಳಲು ನನಗೆ ಹತ್ತು ತಿಂಗಳ ಅವಕಾಶವಿತ್ತು. ಹೂಂ ಎನ್ನಲು ಒಂದು ಉಸಿರು ಸಾಕಾಗುತ್ತಿತ್ತು. ಆ ದಿನ ಮುನ್ನೂರು ಮೈಲಿಯೂ ನಾನು ಕಿಟಕಿಯ ಕಡೆ ತಿರುಗಿಕೊಂಡೇ ಕೂತಿದ್ದೆ.

ಈಗ ನೀವು ಮಕ್ಕಳಿಬ್ಬರೂ ಮಿಷಿಗನ್ ಸರೋವರದಲ್ಲಿ ಹಾಯಿದೋಣಿ ಕಲಿತಿದ್ದೀರಿ, ಬರುವ ಸ್ಪ್ರಿಂಗ್ ಬ್ರೇಕಿನ ಶಾಲೆ ರಜೆಗೆ ಅಪ್ಪ ಅಮ್ಮನೊಡನೆ ಅದೇ ದ್ವೀಪಗಳಿಗೆ ಹೊರಟಿದ್ದೀರಿ. ಹೋದ ವಾರ ಸಿರಿ ಮೆಟ್ಟಿಲಿಳಿಯುತ್ತ, "ಅಜ್ಜಿ, ಡು ಯು ವಾಂಟ್ ಟು ಕಮ್?" ಎಂದಳು. "ಬೇಡಮ್ಮಾ, ನೀವು ಹೋಗಿ ಬನ್ನಿ" ಎಂದೆ. "ಓಕೆ!" ಎಂದು ಕೊನೆಯ ಎರಡು ಮೆಟ್ಟಿಲು ಹಾರಿ ಹೋದಳು. ಆಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಅದಕ್ಕೇ ಈ ಬರವಣಿಗೆ ಶುರು ಮಾಡಿದೆ. ಇಲ್ಲಿಯವರೆಗಿನದನ್ನು ನಿನ್ನೆ ನಿಮ್ಮ ಅಮ್ಮನ ಕೈಗೆ ಕೊಟ್ಟೆ. ಓದಿ ಮುಗಿಸಿ ಅವಳು ಸಿಂಕಿನ ಹತ್ತಿರ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಆಮೇಲೆ ಸಿರಿಯನ್ನು ಕರೆದು ಏನೋ ಹೇಳಿದಳು. ಸಿರಿ ಬಂದು ನನ್ನ ಎದುರು ನೆಟ್ಟಗೆ ನಿಂತು, "ಅಜ್ಜಿ, ಮಾಮ್ ಹೇಳಿದ್ಲು ಐ ಹ್ಯಾವ್ ಟು ಆಸ್ಕ್ ತ್ರೀ ಟೈಮ್ಸ್" ಎಂದು, ಮೂರು ಸಲವನ್ನೂ ಒಂದೇ ಉಸಿರಿನಲ್ಲಿ ಕೇಳಿ ಮುಗಿಸಿದಳು. ನನಗೆ ಬೇಡ ಎನ್ನಲು ನಡುವೆ ಜಾಗವೇ ಇರಲಿಲ್ಲ. "ಹೂಂ" ಎಂದೆ. ಅಷ್ಟು ಸಣ್ಣ ಶಬ್ದ ಅದು. ಹೇಳಿದ ಮೇಲೆ ಸಂತೋಷಕ್ಕಿಂತ ಹೆಚ್ಚು ಸಂಕಟವಾಯಿತು.

ನಿಮ್ಮ ಅಪ್ಪ ಒಳ್ಳೆಯವರು. ಕೂಡಲೇ ಲ್ಯಾಪ್‌ಟಾಪ್ ತೆರೆದು ನನ್ನ ಹೆಸರು ಸೇರಿಸಿದರು. "ಅತ್ತೆ, ಎರಡು ಜಾಗ ಖಾಲಿ ಇದೆ. ಮುಂದುಗಡೆ ಕಿಟಕಿ ಇರೋ ರೂಮು ನಿಮಗೆ ಹಾಕ್ಲಾ?" ಎಂದು ಕೇಳಿದರು. "ಅಯ್ಯೋ ನಂಗ್ಯಾಕಪ್ಪಾ ಅದೆಲ್ಲ, ಬೇಡ, ಎಲ್ಲಾದ್ರೂ ಒಂದು ಮೂಲೇಲಿ ಬಿದ್ಕೋತೀನಿ" ಎಂದೆ. ಅವರು ತಲೆಯಾಡಿಸಿ ಟೈಪ್ ಮಾಡಿಕೊಂಡರು. ಎಂಜಿನ್ ಪಕ್ಕದ, ಕಿಟಕಿಯಿಲ್ಲದ ಮಂಚ ನನ್ನದಾಯಿತು. ನಿನ್ನೆ ಎಲ್ಲರೂ ಊಟ ಮುಗಿಸಿ ಎದ್ದ ಮೇಲೂ ನಾನು ಮೇಜಿನ ಹತ್ತಿರವೇ ಕೂತು ಎಂಜಲು ಒಣಗಿದ ಕೈಯನ್ನು ನೋಡಿಕೊಳ್ಳುತ್ತಿದ್ದೆ, ನಿಮ್ಮ ಅಪ್ಪ ಇನ್ನೊಂದು ಸಲ ಕೇಳಬಹುದೇನೋ ಎಂದು.